ಸೊಸೆಯ ಕೈಗೆ ಹಾಡದ ರೇಡಿಯೋ

ಅಂಗಡಿಯಲ್ಲಿ ಇಡೀ ದಿನ ಬಾಯಿ ತುಂಬ ಹಾಡಿ, ಮನೆಗೆ ಹೋದ ಮೇಲೆ ಉಸಿರೆತ್ತದ ರೇಡಿಯೋ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಪೂರ್ತಿ ಸತ್ತ ರೇಡಿಯೋ ಮರ್ಯಾದಸ್ಥ. ಬಿಚ್ಚಿ ನೋಡಿದರೆ ತನಗೆ ಎಲ್ಲಿ ನೋವು ಎಂದು ತೋರಿಸುತ್ತದೆ. ಈ ಅರೆಜೀವದ ರೇಡಿಯೋಗಳಿವೆಯಲ್ಲ, ಅವು ರಿಪೇರಿ ಮಾಡುವವನ ಮಾನ ಕಳೆಯುವುದಕ್ಕೆಂದೇ ಹುಟ್ಟಿದವು.

ನಾನು ಕಲ್ಲೇಶಪ್ಪ. ಊರು ಹಾರನಹಳ್ಳಿ, ಅಂಗಡಿ ಅರಸೀಕೆರೆಯಲ್ಲಿ, ಸ್ಟೇಷನ್ನಿಂದ ಬಸ್ ಸ್ಟ್ಯಾಂಡಿಗೆ ಬರುವ ರಸ್ತೆಯಲ್ಲಿ. ಸುಮ್ಮಸುಮ್ಮನೆ ಸಾಮಾನು ಬದಲಾಯಿಸುವುದಿಲ್ಲ ಎನ್ನುವುದೇ ನನ್ನ ಹೆಮ್ಮೆಯಾಗಿತ್ತು. ಟ್ರಾನ್ಸಿಸ್ಟರ್ ಕರಕರ ಎಂದರೆ ಬೇರೆಯವರು ಹೊಸ ವಾಲ್ಯೂಮ್ ಕಂಟ್ರೋಲ್ ಹಾಕುತ್ತಿದ್ದರು. ನಾನು ಒಂದು ತೊಟ್ಟು ಸ್ಪಿರಿಟ್ ಬಿಟ್ಟು, ಗುಂಡಿಯನ್ನು ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿ ಕಳಿಸುತ್ತಿದ್ದೆ. ಸೆಲ್ಲು ಸಡಿಲವಾಗಿದ್ದರೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಮಡಚಿ ಸ್ಪ್ರಿಂಗಿನ ಹಿಂದೆ ಇಟ್ಟರಾಯಿತು. ಸೆಲ್ಲು ಸೋರಿ ತಗಡು ಹಸಿರುಗಟ್ಟಿದ್ದರೆ ಮರಳು ಕಾಗದದಿಂದ ನಾಲ್ಕು ಸಲ ಉಜ್ಜಿದರೆ ಮುಗಿಯಿತು. ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವುದಿಲ್ಲ ಎಂದು ಯಾರಾದರೂ ತಂದರೆ, ಪೆಟ್ಟಿಗೆಯನ್ನು ಬಿಚ್ಚುವ ಮೊದಲು ವೈರನ್ನು ನೋಡುತ್ತಿದ್ದೆ. ಅದು ಪ್ಲಗ್ಗಿನ ಬುಡದಲ್ಲೇ ಒಳಗೊಳಗೆ ತುಂಡಾಗಿರುತ್ತದೆ. ನಾಲ್ಕು ಬೆರಳಿನಷ್ಟು ಕತ್ತರಿಸಿ ಮತ್ತೆ ಕಟ್ಟಿ ಕೊಟ್ಟರೆ, 'ಇಷ್ಟೇನಾ?' ಎಂದು ಜನ ನನ್ನ ಮುಖ ನೋಡುತ್ತಿದ್ದರು. ಆ 'ಇಷ್ಟೇನಾ' ಕೇಳುವುದಕ್ಕೇ ನಾನು ಅಂಗಡಿ ಇಟ್ಟಿದ್ದೆ ಎಂದರೂ ಸುಳ್ಳಲ್ಲ. ಇಷ್ಟೆಲ್ಲ ಇದ್ದರೂ ನನ್ನ ನಾಲಿಗೆ ಒಳ್ಳೆಯದಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಊರು ಹೇಳಿದ್ದು ಸರಿಯೇ.

ಎಪ್ಪತ್ನಾಲ್ಕನೇ ಇಸವಿಯ ಮಾಘದಲ್ಲಿ ಹಳೇಬೀಡಿನ ಶಾಂತರಾಜಯ್ಯನವರು ತಮ್ಮ ರೇಡಿಯೋವನ್ನು ಒಂದೇ ದೂರಿಗೆ ಮೂರನೇ ಸಲ ನನ್ನ ಅಂಗಡಿಗೆ ತಂದರು. ಕೊಬ್ಬರಿ ವ್ಯಾಪಾರದ ಜೈನರು ಅವರು. ದೊಡ್ಡ ಮನುಷ್ಯರು, ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. ಐದು ವಾಲ್ವಿನ ಹಳೆಯ ಕಾಲದ ಮರದ ಪೆಟ್ಟಿಗೆ ರೇಡಿಯೋ ಅದು. ಅದನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಅರ್ಧ ಗಂಟೆ ಹಾಡುತ್ತದೆ, ಆಮೇಲೆ ದನಿ ಇಳಿದು ಇಳಿದು ನಿಂತುಹೋಗುತ್ತದೆ ಎನ್ನುವುದು ಅವರ ದೂರು. ಮೊದಲ ಸಲ ನಾನು ವಾಲ್ವಿನ ಕಾಲುಗಳನ್ನು ಉಜ್ಜಿ ಕೊಟ್ಟೆ. ಎರಡನೇ ಸಲ ಅನುಮಾನ ಬಂದು ಒಂದು ವಾಲ್ವನ್ನೇ ಬದಲಾಯಿಸಿದೆ. ಮೂರನೇ ಸಲ ಬೆಳಗಿನಿಂದ ಮಧ್ಯಾಹ್ನದವರೆಗೆ ಅವರ ಎದುರಿಗೇ ಹಾಡಿಸಿದೆ. ಎಲ್ಲಿಯೂ ತಡವರಿಸಲಿಲ್ಲ.

"ಹಾಡ್ತಾ ಐತಲ್ಲ ಸಾವ್ಕಾರ್ರೇ! ನಿಮ್ಮ ಕಿವಿಗೆ ಕೇಳಿಸ್ತಾ ಇಲ್ವಾ?" ಎಂದೆ.

"ಕೇಳಿಸ್ತಿದೆ ಕಲ್ಲೇಶಪ್ಪ. ಇಲ್ಲಿ ಹಾಡುತ್ತೆ. ಮನೇಲೂ ಬೆಳಿಗ್ಗೆ ವಾರ್ತೆ ಹೊತ್ತಿಗೆ ನಾನು ಹಾಕಿದ್ರೆ ಹಾಡುತ್ತೆ. ಸಾಯಂಕಾಲ ಮಾತ್ರ ನಿಂತುಹೋಗುತ್ತೆ."

"ಸಾಯಂಕಾಲ ಕರೆಂಟು ಕಮ್ಮಿ ಬರ್ತದಾ?"

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ ಅಂತ ನಾನು ಹೇಳ್ಬಾರದು. ಕರೆಂಟು ಸರಿಯಾಗೇ ಇದೆ." ಅವರು ಬಗ್ಗಿ ರೇಡಿಯೋಗೆ ಹೊದಿಕೆ ಸುತ್ತಿದರು. "ಬಿಡಿ, ನಿಮ್ಮ ತಪ್ಪಲ್ಲ. ಸಾಯಂಕಾಲ ಹಾಕೋದು ನಮ್ಮ ಸೊಸೆ. ಕಾರ್ತಿಕದಲ್ಲಿ ಮದುವೆ ಆಯ್ತಲ್ಲ, ಅವಳು ಮನೆಗೆ ಬಂದಾಗಿಂದ ಹೀಗೆ. ಕೈಗುಣ ಅಂತಾರೆ ಮನೇಲಿ."

ನನಗೆ ಕೆಂಡ ತುಳಿದಂತಾಯಿತು. ಸತ್ಯ ಹೇಳಬೇಕೆಂದರೆ, ಆ ಹುಡುಗಿಗಾಗಿ ಅಲ್ಲ. ಅವಳು ಯಾರೋ ಏನೋ. ಕಲ್ಲೇಶಪ್ಪ ಮೂರು ಸಲ ನೋಡಿದ ರೇಡಿಯೋವನ್ನು ಒಂದು ಹೆಣ್ಣಿನ ಕೈ ಕೆಡಿಸುತ್ತದೆ ಎಂದರೆ ನನ್ನ ವಿದ್ಯೆಗೆ ಏನು ಬೆಲೆ ಬಂತು?

"ರೇಡಿಯೋಗೆ ಯಾರ ಕೈ ಅಂತ ಗೊತ್ತಾಯ್ತದಾ ಸಾವ್ಕಾರ್ರೇ? ನಾಡಿದ್ದು ಮಂಗಳವಾರ ಅಂಗಡಿ ರಜ. ನಾನೇ ಬತ್ತೀನಿ. ನಿಮ್ಮ ಮನೇಲೇ ಕೂತು ನೋಡ್ತೀನಿ," ಎಂದೆ.

ಮಂಗಳವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹಳೇಬೀಡಿನಲ್ಲಿ ಇಳಿದೆ. ಬಸದಿಗಳ ಕಡೆ ಹೋಗುವ ದಾರಿಯಲ್ಲಿ ಅವರ ಮನೆ. ಹಜಾರದೊಳಗೆ ಕಾಲಿಡುತ್ತಲೇ ಒಂದು ಟ್ರಂಕು ಎಡವಿದೆ. ಹೊಸ ಟ್ರಂಕು, ಬೀಗ ಹಾಕಿ, ಮೇಲೆ ಹಾಸಿಗೆಯ ಸುರುಳಿ ಇಟ್ಟಿದ್ದರು.

"ಯಾರು ಊರಿಗೆ ಹೊರಟಿದ್ದು?" ಎಂದು ಕೇಳಿದೆ.

ಶಾಂತರಾಜಯ್ಯನವರ ಹೆಂಡತಿ ಕಾಂಚನಮಾಲಮ್ಮ ನೀರಿನ ಲೋಟ ಕೈಗೆ ಕೊಟ್ಟರು. "ಚಂದ್ರಮತಿ. ನಾಳೆ ಬೆಳಗಿನ ಬಸ್ಸಿಗೆ ಬಾಣಾವರಕ್ಕೆ ಹೋಗ್ತಾಳೆ. ತೌರುಮನೆ."

ಆಷಾಢವಲ್ಲ, ಹಬ್ಬವಲ್ಲ, ಬಸುರಿಯೂ ಅಲ್ಲ. "ಎಷ್ಟು ದಿನಕ್ಕಮ್ಮಾ?" ಎಂದೆ. ಕೇಳಬಾರದಿತ್ತು, ಆದರೆ ನನ್ನ ನಾಲಿಗೆಯ ವಿಷಯ ಮೊದಲೇ ಹೇಳಿದ್ದೇನಲ್ಲ.

"ಇರಲಿ ಸ್ವಲ್ಪ ದಿನ," ಎಂದರು ಆಕೆ. ಎಷ್ಟು ದಿನ ಎಂದು ಯಾರೂ ಹೇಳಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಹತ್ತೊಂಬತ್ತು ಇಪ್ಪತ್ತರ ಹುಡುಗಿಯೊಬ್ಬಳು ತಲೆ ತಗ್ಗಿಸಿ ನಿಂತಿದ್ದಳು. ಅವಳ ಗಂಡ ಶ್ರೇಯಾಂಸ ಗೋಡೆಗೆ ಒರಗಿ ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದ. ಆ ಹುಡುಗನಿಗೆ ಬಾಯಿ ಇದೆಯೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಆಮೇಲೆ ಒಂದೊಂದೇ ಮಾತು ಹೊರಬಂತು. ರೇಡಿಯೋ ಒಂದೇ ಅಲ್ಲವಂತೆ. ಅವಳು ಬಂದ ವಾರದಲ್ಲೇ ಎಮ್ಮೆ ಹಾಲು ಕಡಿಮೆ ಮಾಡಿತಂತೆ. ಸಂಕ್ರಾಂತಿಯ ಹೊತ್ತಿಗೆ ಕೊಬ್ಬರಿ ಧಾರಣೆ ಬಿತ್ತಂತೆ. ಧಾರಣೆ ಅರಸೀಕೆರೆಗೆಲ್ಲ ಬಿದ್ದಿತ್ತು, ಊರಿನ ಮಂಡಿಯವರೆಲ್ಲ ಸೊಸೆ ತಂದುಕೊಂಡಿದ್ದರೇ? ಆದರೆ ಎಮ್ಮೆಗೂ ಧಾರಣೆಗೂ ಬೇರೆ ಕಾರಣ ಇರಬಹುದು ಎಂದು ಅವರಿಗೂ ಗೊತ್ತಿತ್ತು. ರೇಡಿಯೋ ಮಾತ್ರ ಎಲ್ಲರ ಕಣ್ಣೆದುರಿಗೇ, ದಿನಾ ಸಾಯಂಕಾಲ, ಅವಳು ಗುಂಡಿ ತಿರುಗಿಸಿದ ಮೇಲೆಯೇ ಸಾಯುತ್ತಿತ್ತು. ಮಾವ ಹಾಕಿದರೆ ಹಾಡುತ್ತದೆ, ಸೊಸೆ ಹಾಕಿದರೆ ಸಾಯುತ್ತದೆ. ಇನ್ನೇನು ಸಾಕ್ಷಿ ಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ.

"ಬಾಮ್ಮಾ, ನೀನೇ ಹಾಕು. ನಾನು ಪಕ್ಕದಲ್ಲಿ ಕೂತಿರ್ತೀನಿ," ಎಂದೆ.

ಅವಳು ಕದಲಲಿಲ್ಲ. "ನಾನು ಮುಟ್ಟಲ್ಲ. ಮುಟ್ಟೋದು ಬಿಟ್ಟು ಎಂಟು ದಿನ ಆಯ್ತು. ಆಗಿಂದ ಸಾಯಂಕಾಲ ಯಾರೂ ಹಾಕಿಲ್ಲ," ಎಂದಳು.

ಸರಿ, ನಾನೇ ತಿರುಗಿಸಿದೆ. ರೇಡಿಯೋ ಗೋಡೆಯ ಗೂಡಿನಲ್ಲಿತ್ತು. ಅದಕ್ಕೆ ದಪ್ಪ ಬಿಳಿ ಬಟ್ಟೆಯ ಗವಸು ತೊಡಿಸಿದ್ದರು. ಅಂಚಿಗೆಲ್ಲ ಹೂವಿನ ಕಸೂತಿ, ಮುಂದೆ ದನಿಗೆ, ಸ್ಟೇಷನ್ ತೋರಿಸುವ ಮುಳ್ಳಿಗೆ ಮತ್ತು ಗುಂಡಿಗಳಿಗೆ ಕಿಟಕಿ. ಇಷ್ಟು ಅಂದದ ಗವಸನ್ನು ಬಸ್ಸಿನ ಧೂಳಿಗೆ ಯಾರು ತರುತ್ತಾರೆ, ಹಾಗಾಗಿ ನಾನದನ್ನು ಅದುವರೆಗೆ ನೋಡಿರಲಿಲ್ಲ. ಮಧ್ಯಾಹ್ನದ ಪ್ರಸಾರದಲ್ಲಿ ಹಾಡು ಬರುತ್ತಿತ್ತು, ಎಲ್ಲರೂ ಕೂತು ಕೇಳಿದೆವು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನಾನು ಗೆದ್ದೆ ಎಂದುಕೊಂಡು ಎಲೆಅಡಿಕೆ ಕೇಳಿದೆ. ಅಡಿಕೆ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಹಾಡುವವಳ ದನಿ ಕುಗ್ಗಿತು. ಬಾವಿಯ ತಳಕ್ಕೆ ಇಳಿದಂತೆ ಇಳಿಯಿತು. ನಿಂತೇಹೋಯಿತು.

ನಾನು ಅಡಿಗೆಮನೆಯ ಬಾಗಿಲ ಕಡೆ ನೋಡಿದೆ. ಚಂದ್ರಮತಿ ಮೊದಲ ಸಲ ತಲೆ ಎತ್ತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಮುಖದಲ್ಲಿ ಇದ್ದದ್ದು ದುಃಖವಲ್ಲ. ಅವಳು ಮುಟ್ಟಿರಲಿಲ್ಲ, ಆದರೂ ಅದು ಸತ್ತಿತ್ತು. ರೇಡಿಯೋ ಕೆಟ್ಟದ್ದಕ್ಕೆ ಅಷ್ಟು ಸಮಾಧಾನಪಟ್ಟ ಮುಖವನ್ನು ನಾನು ನನ್ನ ಕಸುಬಿನಲ್ಲಿ ಇನ್ನೊಂದು ಕಂಡಿಲ್ಲ.

ಆದರೆ ಆ ಸಮಾಧಾನ ಒಂದು ಗಳಿಗೆಯದು. ಕಾಂಚನಮಾಲಮ್ಮ ನಿಟ್ಟುಸಿರು ಬಿಟ್ಟು, "ಕೈಗುಣ ಅಲ್ಲ ಅಂದ್ರೆ ಕಾಲ್ಗುಣ ಇರಬೇಕು. ಮನೆಯೊಳಗೆ ಕಾಲಿಟ್ಟಾಗಿಂದ ಅಲ್ವೇ ಶುರುವಾದ್ದು," ಎಂದರು. ಆಕೆ ಕೆಟ್ಟವರಲ್ಲ. ಆ ಮಾತು ಆಡುವಾಗ ಆಕೆಯ ಮುಖವೂ ಬಾಡಿತ್ತು. ಹುಡುಗಿಯ ತಲೆ ಮತ್ತೆ ಕೆಳಗಾಯಿತು.

ಆಗ ನನಗೆ ನನ್ನ ಹೆಸರಿನ ಚಿಂತೆ ಬಿಟ್ಟುಹೋಯಿತು. ನಾಳೆ ಬೆಳಗಿನ ಬಸ್ಸು ಹೊರಡುವುದರೊಳಗೆ ಇದು ಸರಿಯಾಗಬೇಕು, ಇಲ್ಲದಿದ್ದರೆ ಈ ಟ್ರಂಕು ಬಾಣಾವರದಿಂದ ವಾಪಸು ಬರುವುದು ಕಷ್ಟ. ಎದ್ದು ರೇಡಿಯೋದ ಮೇಲೆ ಕೈ ಇಟ್ಟೆ. ಇಟ್ಟ ಕೈಯನ್ನು ಹಾಗೇ ಎಳೆದುಕೊಂಡೆ. ಗವಸು ರೊಟ್ಟಿಯ ಹಂಚಿನ ಹಾಗೆ ಸುಡುತ್ತಿತ್ತು. ಹಿಂದಕ್ಕೆ ಕೈ ಹಾಕಿದೆ. ಅಲ್ಲಿಯೂ ಬಟ್ಟೆಯೇ, ಗುಂಡಿ ಹಾಕಿ ಬಿಗಿದಿತ್ತು. ನೀರು ಸೋಸುವ ಬಟ್ಟೆಯ ಹಾಗೆ ಎರಡು ಪದರ. ವಾಲ್ವಿನ ರೇಡಿಯೋ ಎಂದರೆ ಒಳಗೆ ಐದು ದೀಪ ಉರಿದಂತೆ. ಬಿಸಿ ಹೋಗಲೆಂದೇ ಕಂಪನಿಯವರು ಬೆನ್ನಿನ ಹಲಗೆಗೆ ತೂತು ಕೊರೆದಿರುತ್ತಾರೆ. ಇಲ್ಲಿ ಎಲ್ಲ ತೂತಿಗೂ ಬಟ್ಟೆ ಹೊದಿಸಿದ್ದರು. ಒಳಗೆ ಬೆಂದು ಬೆಂದು, ಅರ್ಧ ಗಂಟೆಗೆ ಒಂದು ವಾಲ್ವು ಸೋತು ಮಲಗುತ್ತಿತ್ತು. ರಾತ್ರಿ ತಣ್ಣಗಾಗಿ ಬೆಳಿಗ್ಗೆ ಎದ್ದರೆ ಮಾವನ ಹತ್ತು ನಿಮಿಷದ ವಾರ್ತೆಗೆ ಏನೂ ಅಡ್ಡಿಯಿಲ್ಲ. ನನ್ನ ಅಂಗಡಿಯಲ್ಲಿ ರೇಡಿಯೋಗಳೆಲ್ಲ ಬೆನ್ನು ಬಿಚ್ಚಿಕೊಂಡೇ ಹಾಡುತ್ತವೆ, ಅಲ್ಲಿ ಇದು ಸಾಯುವುದಾದರೂ ಹೇಗೆ?

'ಯಾವ ಪುಣ್ಯಾತ್ಗಿತ್ತಿ ಇದನ್ನ ಹೊಲ್ದಿದ್ದು?' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಾಂಚನಮಾಲಮ್ಮ ತಾವಾಗಿಯೇ ಹೇಳಿದರು.

"ಗವಸು ಹುಷಾರು ಕಲ್ಲೇಶಪ್ಪ. ಹದಿನೈದು ದಿನ ಕೂತು ಹೊಲಿದಿದ್ದೀನಿ. ನೀವು ಕಳಿಸಿದ ಪೊಟ್ಟಣ ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ."

"ಯಾವ ಪೊಟ್ಟಣ ಅಮ್ಮಾ?"

"ಮರೆತುಬಿಟ್ರಾ? ಮದುವೆಗೆ ಮೊದಲು ರೇಡಿಯೋ ಶುದ್ಧ ಮಾಡಿ ಕೊಟ್ರಲ್ಲ. ಒಳಗೆ ಸತ್ತು ಬಿದ್ದಿದ್ದ ಹುಳ, ಪತಂಗ ಎಲ್ಲ ಪೇಪರಿನಲ್ಲಿ ಕಟ್ಟಿ, ನೀರು ಸೋಸಿ ಕುಡಿಯೋ ಮನೇಲಿ ಎಷ್ಟು ಹೆಣ ಬಿದ್ದಾವೆ ಅಮ್ಮಾವ್ರು ನೋಡ್ಲಿ ಅಂತ ಇವರ ಕೈಲಿ ಕಳಿಸಿದ್ರಿ. ಬೆಳಕು ನೋಡಿ ಬಂದು ಸುಟ್ಟುಹೋದ ಜೀವಗಳು. ಪ್ರಾಯಶ್ಚಿತ್ತಕ್ಕೆ ಒಂದು ತಿಂಗಳು ತುಪ್ಪ ತಿನ್ನೋದು ಬಿಟ್ಟೆ. ಇನ್ನೊಂದು ಹುಳ ಒಳಗೆ ಹೋಗಬಾರದು ಅಂತ ಇದನ್ನ ಹೊಲಿದೆ. ಮದುವೆ ಮನೆಗೆ ಹೊಸ ಗವಸೂ ಆಯ್ತು ಅಂದುಕೊಂಡೆ."

ನನಗೆ ನೆನಪಾಯಿತು. ಕಳಿಸಿದ್ದೆ. ಪೊಟ್ಟಣ ಕಟ್ಟುವಾಗ ಪಕ್ಕದ ಸೈಕಲ್ ಅಂಗಡಿಯ ತಮ್ಮಯ್ಯನ ಜೊತೆ ನಕ್ಕಿದ್ದೂ ನೆನಪಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಎಲ್ಲಿಯೂ ಹೋಗಿರಲಿಲ್ಲ. ಹಳೇಬೀಡಿಗೆ ಬಂದು, ಗವಸಾಗಿ, ಈ ಹುಡುಗಿಯ ಕುತ್ತಿಗೆಗೆ ಬಿದ್ದಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಸಾವ್ಕಾರ್ರೇ, ಅಮ್ಮಾವ್ರೇ, ಕೂತ್ಕಳಿ. ತಪ್ಪು ನಂದು," ಎಂದೆ. ಅಂಗಡಿ ತೆರೆದ ಹನ್ನೊಂದು ವರ್ಷದಲ್ಲಿ ನಾನು ಆ ಮಾತನ್ನು ಗಿರಾಕಿಯ ಎದುರಿಗೆ ಆಡಿರಲಿಲ್ಲ. ಬಿಸಿ, ತೂತು, ಬಟ್ಟೆ ಎಲ್ಲ ಬಿಡಿಸಿ ಹೇಳಿದೆ. "ಗವಸು ಹೊಲ್ದಿದ್ದು ತಪ್ಪಲ್ಲ. ಕುಚೇಷ್ಟೆ ಮಾಡಿ ಪೊಟ್ಟಣ ಕಳ್ಸಿದ್ದು ನಾನು. ಮೂರು ಸಲ ನೀವು ಬಂದಾಗ, ಮನೇಲಿ ಹೆಂಗೆ ಮಡಗಿದ್ದೀರಿ ಅಂತ ಒಂದು ಮಾತು ಕೇಳ್ದೇ ಇದ್ದಿದ್ದೂ ನಾನು. ಈ ಮಗೀನ ಕೈನೂ ಇಲ್ಲ, ಕಾಲೂ ಇಲ್ಲ ಇದ್ರಲ್ಲಿ."

ಶಾಂತರಾಜಯ್ಯನವರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಟ್ರಂಕನ್ನು ನೋಡಿದರು. "ಹಾಗಾದ್ರೆ ಗವಸು ತೆಗೆದುಬಿಟ್ರೆ ಸಾಕೇ?" ಎಂದರು.

"ಸಾಕು. ಅಷ್ಟೇ."

"ಬೇಡ," ಎಂದರು ಕಾಂಚನಮಾಲಮ್ಮ. "ತೆಗೆದ್ರೆ ಮತ್ತೆ ಹುಳ ಸಾಯುತ್ವೆ. ಅದಕ್ಕಿಂತ ರೇಡಿಯೋನೇ ಬೇಡ. ಮಾರಿಬಿಡಿ."

ರೇಡಿಯೋ ಮಾರಿದರೆ ಯಾವುದೂ ಸಾಬೀತಾಗುವುದಿಲ್ಲ. ಸೊಸೆ ಬಂದಳು, ರೇಡಿಯೋ ಹೋಯಿತು ಎನ್ನುವ ಮಾತು ಆ ಮನೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಏನು ಹೇಳಲಿ ಎಂದು ತಡಕಾಡುತ್ತಿದ್ದಾಗ ಬಾಗಿಲ ಕಡೆಯಿಂದ ದನಿ ಬಂತು.

"ಅತ್ತೆ, ಸೊಳ್ಳೆ ಪರದೆ ಬಟ್ಟೆ ಹಾಕಿದ್ರೆ ಆಗಲ್ವಾ?" ಚಂದ್ರಮತಿ ಎರಡು ಹೆಜ್ಜೆ ಮುಂದೆ ಬಂದಿದ್ದಳು. "ನಮ್ಮ ಬಾಣಾವರದ ಮನೇಲಿ ಹಾಲಿನ ಗೂಡಿಗೆ ಅದನ್ನೇ ಕಟ್ತಾರೆ. ಗಾಳಿ ಆಡುತ್ತೆ, ಹುಳ ಒಳಗೆ ಹೋಗಲ್ಲ. ಗವಸಿನ ಹಿಂದುಗಡೆ ಮಾತ್ರ ಕತ್ತರಿಸಿ, ಮೇಲುಗಡೆ ಸ್ವಲ್ಪ ಕತ್ತರಿಸಿ..." ಎಂದವಳು, ಅತ್ತೆಯ ಕಸೂತಿಯನ್ನು ಕತ್ತರಿಸುವ ಮಾತು ಆಡುತ್ತಿದ್ದೇನೆ ಎಂದು ತಿಳಿದು ನಿಲ್ಲಿಸಿಬಿಟ್ಟಳು.

ಹನ್ನೊಂದು ವರ್ಷದ ಅನುಭವ ಇದ್ದವನಿಗೆ ಅದು ಹೊಳೆದಿರಲಿಲ್ಲ. "ಆಯ್ತದೆ! ಚೆನ್ನಾಗೇ ಆಯ್ತದೆ!" ಎಂದು ಕೂಗಿದೆ.

ಕಾಂಚನಮಾಲಮ್ಮ ಗವಸಿನ ಕಸೂತಿಯ ಮೇಲೆ ಒಮ್ಮೆ ಕೈ ಆಡಿಸಿದರು. ಆಮೇಲೆ ಎದ್ದು, ಅಟ್ಟದಿಂದ ಹರಿದ ಸೊಳ್ಳೆ ಪರದೆಯೊಂದನ್ನು ಇಳಿಸಿ, ಕತ್ತರಿ ತಂದು, ಬೆನ್ನಿನ ಬಟ್ಟೆಯನ್ನು ತಾವೇ ಕತ್ತರಿಸಿದರು. "ದಾರ ಪೋಣಿಸಿಕೊಡು ಬಾ, ನನಗೆ ಕಣ್ಣು ಕಾಣಲ್ಲ," ಎಂದು ಸೊಸೆಯನ್ನು ಕರೆದರು. ಇಬ್ಬರೂ ಅಕ್ಕಪಕ್ಕ ಕೂತು ಒಂದೊಂದು ಅಂಚನ್ನು ಹೊಲಿದರು. ನಾನು ಗೂಡಿನಲ್ಲಿದ್ದ ರೇಡಿಯೋವನ್ನು ಹೊರಗೆ ತಂದು ಮೇಜಿನ ಮೇಲೆ, ಗೋಡೆಗೆ ಒಂದು ಗೇಣು ಬಿಟ್ಟು, ಕೆಳಗೆ ಎರಡು ಮರದ ತುಂಡು ಕೊಟ್ಟು ಇಟ್ಟೆ. ಅಷ್ಟೇ ಕೆಲಸ. ಬಿಡಿಗಾಸು ಖರ್ಚಿಲ್ಲ.

ಸೂರ್ಯ ಮುಳುಗುವ ಮೊದಲು ಆ ಮನೆಯಲ್ಲಿ ಊಟ ಮುಗಿಯಬೇಕು. ಐದೂವರೆಗೆ ನನಗೂ ಎಲೆ ಹಾಕಿದರು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರು ಏನು ರುಚಿ ಇರುತ್ತದೆ ಎಂದುಕೊಂಡಿದ್ದವನು ಮೂರು ಸಲ ಹಾಕಿಸಿಕೊಂಡೆ.

ಆರೂವರೆಗೆ ಎಲ್ಲರೂ ಮತ್ತೆ ಹಜಾರದಲ್ಲಿ ಕೂತೆವು. ನಾನು ಗುಂಡಿಗೆ ಕೈ ಹಾಕಲು ಹೋದೆ. "ನೀವು ಬೇಡಿ," ಎಂದರು ಕಾಂಚನಮಾಲಮ್ಮ. "ಚಂದ್ರಮತಿ, ದಿನಾ ನೀನು ತಾನೇ ಹಾಕ್ತಿದ್ದದ್ದು? ನೀನೇ ಹಾಕು."

ಅವಳು ಬಂದು ಗುಂಡಿ ತಿರುಗಿಸಿದಳು. ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಭದ್ರಾವತಿ ಕೇಂದ್ರ ಮಾತಾಡಿತು. ರೇಡಿಯೋದಲ್ಲಿ ಏನು ಬಂತು ಎಂದು ಕೇಳಿದರೆ ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಎಲ್ಲರೂ ಗೋಡೆ ಗಡಿಯಾರ ನೋಡುತ್ತಿದ್ದೆವು. ಇಪ್ಪತ್ತು ನಿಮಿಷ. ಇಪ್ಪತ್ತೈದು. ಮೂವತ್ತಕ್ಕೆ ಒಮ್ಮೆ ಕೊರ್ ಎಂದಿತು. ಸ್ಟೇಷನ್ನಿನದೇ ಸದ್ದು, ಮತ್ತೆ ಸರಿಹೋಯಿತು. ನಲವತ್ತು ಆಯಿತು. ಒಂದೆರಡು ಪತಂಗ ಬಂದು ಪರದೆಯ ಮೇಲೆ ಕೂತು, ಒಳಗೆ ದಾರಿ ಕಾಣದೆ ಹಾರಿಹೋದವು. ಕಾಂಚನಮಾಲಮ್ಮ ಅದನ್ನು ನೋಡಿದರು. ಐವತ್ತಾದ ಮೇಲೆ ಶಾಂತರಾಜಯ್ಯನವರು ಗಡಿಯಾರ ಬಿಟ್ಟು ರೇಡಿಯೋ ಕೇಳಲು ಶುರುಮಾಡಿದರು. ಒಂದು ಗಂಟೆ ತುಂಬಿದಾಗ ನಾನು ಬಿಟ್ಟ ಉಸಿರು ಬೀದಿಗೆ ಕೇಳಿಸಿರಬೇಕು.

ಕಾಂಚನಮಾಲಮ್ಮ ಎದ್ದು ಹೋಗಿ ಟ್ರಂಕಿನ ಮೇಲಿದ್ದ ಹಾಸಿಗೆಯ ಸುರುಳಿಯನ್ನು ಎತ್ತಿಕೊಂಡರು. "ನಾಳೆ ಎಲ್ಲಿಗೂ ಹೋಗೋದು ಬೇಡ," ಎಂದರು. ಸುರುಳಿಯನ್ನು ಎದೆಗೆ ಅವುಚಿಕೊಂಡು ಸೊಸೆಯ ಎದುರು ನಿಂತರು. "ಕಲ್ಲೇಶಪ್ಪ ತಪ್ಪು ತಮ್ಮದು ಅಂದ್ರು. ಅಲ್ಲ, ನಂದು ಕಣಮ್ಮ. ಪತಂಗಕ್ಕೆ ನೋವಾಗಬಾರದು ಅಂತ ಹದಿನೈದು ದಿನ ಕೂತು ಹೊಲಿದೋಳು, ಮೂರು ತಿಂಗಳು ನಿನ್ನ ನೋಯಿಸಿದೆ."

ಚಂದ್ರಮತಿ ಅತ್ತೆಯ ಕೈಯಿಂದ ಸುರುಳಿಯನ್ನು ತೆಗೆದುಕೊಂಡು ಅದರಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅತ್ತೆ ಅವಳ ತಲೆ ಸವರುತ್ತ ನಿಂತರು. ಶ್ರೇಯಾಂಸ ಬಗ್ಗಿ ಟ್ರಂಕನ್ನು ಎತ್ತಿಕೊಂಡು ಕೋಣೆಗೆ ನಡೆದ. ಬಾಯಿ ಇಲ್ಲದಿದ್ದರೂ ಹುಡುಗನಿಗೆ ಬುದ್ಧಿ ಇತ್ತು. ನಾನು ಕಣ್ಣಿಗೆ ಧೂಳು ಬಿದ್ದವನಂತೆ ನಟಿಸಿದೆ.

ಎಂಟು ಗಂಟೆಗೆ ನನ್ನ ಕೊನೆಯ ಬಸ್ಸು. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಶಾಂತರಾಜಯ್ಯನವರು, "ಸಾಕು, ಆರಿಸಮ್ಮ ಇನ್ನ. ಬಿಸಿಯಾದೀತು," ಎಂದರು.

ಚಂದ್ರಮತಿ ಕಣ್ಣೊರೆಸಿಕೊಂಡು ರೇಡಿಯೋದ ನೆತ್ತಿಯ ಮೇಲೆ ಕೈ ಇಟ್ಟು ನೋಡಿದಳು. "ಬೆಚ್ಚಗಿದೆ ಅಷ್ಟೆ ಮಾವ. ಇನ್ನೂ ಸ್ವಲ್ಪ ಹೊತ್ತು ಹಾಡಲಿ," ಎಂದಳು. ಆ ಮನೆಯಲ್ಲಿ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು ಎಂದು ಎಲ್ಲರ ಮುಖ ನೋಡಿದರೆ ತಿಳಿಯುತ್ತಿತ್ತು.

"ಹಾಡಲಿ ಬಿಡಿ," ಎಂದರು ಕಾಂಚನಮಾಲಮ್ಮ.